ಅಮುಂಡ್ಸೆನ್ ಬಫರ್ ಇಟ್ಟಿದ್ದು ಎಲ್ಲಿ?

ಪ್ರಶ್ನೆ: ಟೀಮಿಗೆ ರಿಸ್ಕ್ ಪ್ಲಾನಿಂಗ್ ಹೇಳಿಕೊಡಲು ದಕ್ಷಿಣ ಧ್ರುವವನ್ನು ಮೊದಲು ಮುಟ್ಟಲು 1911–12ರಲ್ಲಿ ಪೈಪೋಟಿಗಿಳಿದ ಅಮುಂಡ್ಸೆನ್–ಸ್ಕಾಟ್ ತಂಡಗಳ ಉದಾಹರಣೆ ತಗೊಂಡಿದ್ದೇನೆ. ಅಮುಂಡ್ಸೆನ್ ನಾಯಿ, ಸ್ಕಾಟ್ ಕುದುರೆ ಒಯ್ದಿದ್ದು ಬಿಟ್ಟು, ಬಫರ್ (ತಪ್ಪಾದರೂ ಕಾಯುವ ಹೆಚ್ಚುವರಿ ಅವಕಾಶ) ತೋರಿಸಲು ಬೇರೇನಿದೆ?

ಉತ್ತರ 1: ಬಾವುಟ ನೋಡಿ. 80 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ ಮೊದಲೇ ಇಟ್ಟಿದ್ದ ಆಹಾರ ದಾಸ್ತಾನಿನ ಎರಡೂ ಬದಿಗೆ ಅಮುಂಡ್ಸೆನ್, ದಾರಿಗೆ ಅಡ್ಡಲಾಗಿ, ಅರ್ಧರ್ಧ ಮೈಲಿಗೊಂದರಂತೆ ಹತ್ತತ್ತು ಕಪ್ಪು ಬಾವುಟ ನೆಡಿಸಿದ. ಪ್ರತಿಯೊಂದಕ್ಕೂ ನಂಬರ್. ನಾಲ್ಕು ಮೈಲಿ ಪಕ್ಕಕ್ಕೆ ಸರಿದು ಬಂದರೂ ಒಂದು ಕಣ್ಣಿಗೆ ಬೀಳುತ್ತದೆ. ದಾಸ್ತಾನು ಯಾವ ಕಡೆ, ಎಷ್ಟು ದೂರ ಅಂತ ನಂಬರೇ ಹೇಳುತ್ತದೆ. ಬಫರ್ ಅಂದರೆ ಬರೀ ಹೆಚ್ಚುವರಿ ದಿನ ಅಲ್ಲ ಮಾರಾಯ್ರೆ.

ಉತ್ತರ 2: ಸೀಮೆಎಣ್ಣೆ ಮರೀಬೇಡಿ. ಸ್ಕಾಟ್ ಡಬ್ಬಗಳ ಚರ್ಮದ ವಾಷರ್ ಚಳಿಗೆ ಕೆಟ್ಟು ಎಣ್ಣೆ ಸೋರಿತು. ಅಮುಂಡ್ಸೆನ್ ಬೆಸುಗೆ ಹಾಕಿಸಿದ್ದ. ಎಣ್ಣೆ ಇಲ್ಲದಿದ್ದರೆ ಹಿಮ ಕರಗಿಸಿ ಕುಡಿಯಲು ನೀರೂ ಇಲ್ಲ.

ಉತ್ತರ 3: ಸ್ಕಾಟ್ ತಂಡದ ‘ಒಂದು ಟನ್’ ಎಂಬ ದಾಸ್ತಾನು ಕೂಡ 80 ಡಿಗ್ರಿ ಅಕ್ಷಾಂಶಕ್ಕೆ ಹೋಗಬೇಕಿತ್ತು. ಕುದುರೆಗಳು ಬಳಲಿದವೆಂದು ಸುಮಾರು 30 ಮೈಲಿ ಮೊದಲೇ ಇಳಿಸಿದರು. 1912ರ ಮಾರ್ಚ್‌ನಲ್ಲಿ, ಧ್ರುವದಿಂದ ಮರಳುವಾಗ ಸ್ಕಾಟ್ ಸತ್ತ ಕೊನೆಯ ಡೇರೆ ಆ ದಾಸ್ತಾನಿಗೆ 11 ಮೈಲಿ ದೂರದಲ್ಲಿತ್ತು.