ಅಪ್‌ಡೇಟ್: ಮೇವನ್ ಪೇರೆಂಟ್ ಪಾಮ್ ತಲೆನೋವು ಕೊನೆಗೂ ಬಗೆಹರೀತು

ಹೋದ ವಾರ ಕೇಳಿದ್ನಲ್ಲ, ಮೇವನ್ (ಜಾವಾ ಪ್ರೋಗ್ರಾಂ ಬಿಲ್ಡ್ ಮಾಡೋ ಟೂಲು) ಬಳಸೋ ನಮ್ಮ ಕಾಫಿ ತೋಟದ ಲೆಕ್ಕದ ಪ್ರಾಜೆಕ್ಟು ರೂಟ್‌ನಿಂದ, ಅಂದ್ರೆ ಎಲ್ಲಕ್ಕಿಂತ ಮೇಲಿನ ಫೋಲ್ಡರ್‌ನಿಂದ, ಬಿಲ್ಡ್ ಮಾಡಿದ್ರೆ ಸರಿ, ಅದರೊಳಗಿನ ಒಂದು ಭಾಗದ (ಮಾಡ್ಯೂಲ್) ಫೋಲ್ಡರ್ ಒಳಗಿಂದ ಮಾಡಿದ್ರೆ ಹಳೇ ಲೈಬ್ರರಿ ವರ್ಷನ್ನೇ ಬರುತ್ತೆ ಅಂತ, ಅದು ಸರಿಹೋಯ್ತು. ಪಾಮ್ ಅಂದ್ರೆ ಮೇವನ್‌ನ ಸೆಟ್ಟಿಂಗ್ ಫೈಲು; ಪೇರೆಂಟ್ ಅಂದ್ರೆ ಮಾಡ್ಯೂಲ್‌ಗಳೆಲ್ಲ ತಮ್ಮ ಸೆಟ್ಟಿಂಗ್ ಪಡೆಯೋ ಪಾಮ್.

ನೀವೆಲ್ಲ ಹೇಳಿದ್ದು ಒಂದೊಂದಾಗಿ ಮಾಡಿ ನೋಡ್ದೆ. ಹೊಸ ಕಾಪಿ ಇದ್ಯಾ ಅಂತ ನೆಟ್‌ನಲ್ಲಿ ಮತ್ತೆ ನೋಡಿಸೋ ಮೈನಸ್ ಯು (-U) ಹಾಕಿದ್ರೆ ಏನೂ ಆಗ್ಲಿಲ್ಲ. ಲೋಕಲ್ ರೆಪೊಸಿಟರಿ (ಮೇವನ್ ಲೈಬ್ರರಿಗಳನ್ನ ನಮ್ಮ ಕಂಪ್ಯೂಟರ್‌ನಲ್ಲಿ ಇಟ್ಕೊಳ್ಳೋ ಫೋಲ್ಡರ್) ಪೂರ್ತಿ ಅಳಿಸಿ ಅಂದೋರ ಮಾತು ಕೇಳಿ ಕೆಟ್ಟೆ ಮಾರಾಯ್ರೆ, ಮಡಿಕೇರಿ ಮಳೆ, ಕರೆಂಟ್ ಹೋಗೋದು ಬರೋದು, ಜಾರ್‌ಗಳೆಲ್ಲ (ಲೈಬ್ರರಿ ಫೈಲ್‌ಗಳು) ಮತ್ತೆ ಇಳಿಯೋಷ್ಟ್ರಲ್ಲಿ ರಾತ್ರಿ ಊಟದ ಹೊತ್ತಾಯ್ತು, ಆಮೇಲೆ ಮಾಡ್ಯೂಲ್ ಒಳಗೆ ಹೋದ್ರೆ ಪೇರೆಂಟೇ ಸಿಗ್ತಿಲ್ಲ ಅಂತ ಹೊಸ ಎರರ್.

ಕೆಲ್ಸ ಮಾಡಿದ್ದು ರಿಲೇಟಿವ್‌ಪಾತ್ (ಪೇರೆಂಟ್ ಯಾವ ಫೋಲ್ಡರ್‌ನಲ್ಲಿದೆ ಅಂತ ಮಾಡ್ಯೂಲ್‌ನ ಪಾಮ್‌ನಲ್ಲಿ ಹೇಳೋ ಸಾಲು) ನೋಡಿ ಅಂದಿದ್ದು. ನಾವು ರೂಟ್ ಪಾಮ್‌ನಲ್ಲಿ ಬರೀ ಮಾಡ್ಯೂಲ್ ಪಟ್ಟಿ ಇಟ್ಟು, ಪೇರೆಂಟ್‌ನ ಪಕ್ಕದ ಫೋಲ್ಡರ್‌ನಲ್ಲಿ ಇಟ್ಟಿದ್ವಿ. ಏನೂ ಬರೀದಿದ್ರೆ ಮೇವನ್ ಒಂದು ಹಂತ ಮೇಲಿನ ಪಾಮ್ ನೋಡುತ್ತಂತೆ, ಅದು ಪೇರೆಂಟ್ ಅಲ್ಲ ಅಂತಾದ್ರೆ ಒಂದು ವಾರ್ನಿಂಗ್ ಕೊಟ್ಟು, ಯಾವಾಗ್ಲೋ ಇನ್‌ಸ್ಟಾಲ್ ಮಾಡಿದ್ದ ಹಳೇ ಕಾಪೀನ ಲೋಕಲ್ ರೆಪೊಸಿಟರಿಯಿಂದ ಎತ್ಕೊಳುತ್ತೆ! ಆ ವಾರ್ನಿಂಗ್ ಮೊದಲ್ನೇ ದಿನದಿಂದ್ಲೂ ಇತ್ತು, ನಾನೇ ಓದಿರ್ಲಿಲ್ಲ. ಪ್ರತಿ ಮಾಡ್ಯೂಲ್‌ಗೂ ಸರಿಯಾದ ದಾರಿ ಒಂದೊಂದು ಸಾಲು ಬರೆದೆ, ಮುಗೀತು.

ಪೇರೆಂಟ್‌ನಲ್ಲಿರೋ ಡಿಪೆಂಡೆನ್ಸಿಗಳನ್ನ (ಪ್ರಾಜೆಕ್ಟಿಗೆ ಬೇಕಾದ ಲೈಬ್ರರಿಗಳು) ಡಿಪೆಂಡೆನ್ಸಿ ಮ್ಯಾನೇಜ್‌ಮೆಂಟ್ (ವರ್ಷನ್ ಮಾತ್ರ ಗೊತ್ತುಮಾಡಿ, ಕೇಳಿದ ಮಾಡ್ಯೂಲ್‌ಗಷ್ಟೇ ಕೊಡೋ ಭಾಗ) ಒಳಗೆ ಹಾಕಿ ಅಂದಿದ್ದು ಈ ತೊಂದ್ರೆಗೆ ಮದ್ದಲ್ಲ, ಆದ್ರೂ ಮಾಡ್ದೆ, ಈಗ ರಿಪೋರ್ಟ್ ಮಾಡ್ಯೂಲ್‌ಗೆ ಡೇಟಾಬೇಸ್ ಡ್ರೈವರ್ ಸುಮ್ಸುಮ್ನೆ ಬರೋದು ನಿಂತಿದೆ.