ಹೊಟ್ಟೆ ಆಪರೇಷನ್ ಆದ ರಾತ್ರಿ ಯೂರಿನ್ ಕಡಿಮೆ ಬಂದ್ರೆ ಬಾಟಲಿ ಏರಿಸೋದೇನಾ?

ಶಿರಾ ನೈಟ್ ಡ್ಯೂಟಿ
ಕರುಳು ತೂತಾಗಿ ಆಪರೇಷನ್ ಆಗಿರೋ 60 ಕೆ.ಜಿ. ಪೇಷಂಟ್, ಮೊದಲ ರಾತ್ರಿ ಅಂತಿಟ್ಕೊಳ್ಳಿ. ಆರ್‌ಎಲ್ (ರಿಂಗರ್ ಲ್ಯಾಕ್ಟೇಟ್ ಡ್ರಿಪ್) ಗಂಟೆಗೆ 100 ಮಿ.ಲೀ. ಹೋಗ್ತಿದೆ. ಬಿಪಿ 110/70, ಪಲ್ಸ್ 104. ಯೂರೋಬ್ಯಾಗಿಗೆ (ಯೂರಿನ್ ತುಂಬೋ ಚೀಲ) ಮಾತ್ರ ಎರಡು ಗಂಟೆಯಿಂದ ಗಂಟೆಗೆ 20 ಮಿ.ಲೀ. ಅಷ್ಟೇ. ಸಂಜೆಯಿಂದ ರೈಲ್ಸ್ ಟ್ಯೂಬಲ್ಲಿ (ಮೂಗಿನಿಂದ ಜಠರಕ್ಕೆ ಹಾಕಿರೋ ಪೈಪು) 600 ಮಿ.ಲೀ. ಬಂದಿದೆ. ಡ್ಯೂಟಿ ಡಾಕ್ಟರಿಗೆ ಫೋನ್ ಮಾಡೋ ಮುಂಚೆ ಏನೇನು ನೋಡ್ಕೊಂಡಿರಬೇಕು? ಕೆಲವರು ಒಂದು ಲೀಟರ್ ಫಾಸ್ಟ್ ಬಿಡಿ ಅಂತಾರೆ, ಕೆಲವರು ಲ್ಯಾಸಿಕ್ಸ್ (ಯೂರಿನ್ ಜಾಸ್ತಿ ಮಾಡೋ ಇಂಜೆಕ್ಷನ್) ಅಂತಾರೆ. ಮನೆಯವರದ್ದು ಒಂದೇ ಮಾತು, "ಇನ್ನೊಂದು ಗ್ಲೂಕೋಸ್ ಹಾಕಿ ಸಿಸ್ಟರ್."

ಅರಿವಳಿಕೆ ತುಮಕೂರು
ಸಿಸ್ಟರ್, ಮೊದಲು ಯೂರಿನ್ ಪೈಪು ನೋಡಿ. ಕೆಥೆಟರ್ ತೊಡೆ ಕೆಳಗೆ ಮಡಚಿದೆಯಾ, ಬ್ಯಾಗ್ ಮಂಚಕ್ಕಿಂತ ಮೇಲಿದೆಯಾ, ಕಿಬ್ಬೊಟ್ಟೆ ಉಬ್ಬಿದೆಯಾ. ಅನುಮಾನ ಇದ್ರೆ ಸ್ಟೆರೈಲಾಗಿ 50 ಮಿ.ಲೀ. ಸಲೈನ್ ಒಳಗೆ ಬಿಟ್ಟು ವಾಪಸ್ ಎಳೀರಿ. ಸರಾಗವಾಗಿ ಬರದಿದ್ರೆ ತೊಂದರೆ ಕಿಡ್ನಿಯದಲ್ಲ, ಪೈಪಿನದು.

ಪೈಪು ಸರಿಯಿದ್ರೆ: ಗುರಿ ಕೆ.ಜಿ.ಗೆ ಗಂಟೆಗೆ 0.5 ಮಿ.ಲೀ., ಅಂದ್ರೆ ಇವರಿಗೆ 30. ಆದ್ರೆ ಆಪರೇಷನ್ ಆದ ಒಂದೆರಡು ದಿನ ನೋವು, ಒತ್ತಡದಿಂದ ಎಡಿಎಚ್ ಹಾರ್ಮೋನ್ ಏರಿ ಮೈ ನೀರು ಹಿಡಿದಿಟ್ಕೊಳ್ಳುತ್ತೆ. ಬರೀ ಯೂರಿನ್ ನಂಬಿ ಬಾಟಲಿ ಏರಿಸ್ತಾ ಹೋದ್ರೆ ಬೆಳಗ್ಗೆ ಶ್ವಾಸಕೋಶದಲ್ಲಿ ನೀರು, ಊದಿಕೊಂಡ ಕರುಳು. ಡ್ರೈನಲ್ಲಿ (ಹೊಟ್ಟೆಯೊಳಗಿನ ದ್ರವ ಹೊರಬರೋ ಟ್ಯೂಬ್) ರಕ್ತ ಇದೆಯಾ, ಕೈಕಾಲು ತಣ್ಣಗಿದೆಯಾ, ಬೆನ್ನಿನ ಕೆಳಭಾಗದಲ್ಲಿ ಕ್ರೆಪ್ಸ್ (ಸ್ಟೆತಸ್ಕೋಪಲ್ಲಿ ಕೇಳೋ ಶ್ವಾಸಕೋಶದ ಚರಚರ ಸದ್ದು) ಇದೆಯಾ, ಇಷ್ಟು ನೋಡಿ ಫೋನ್ ಮಾಡಿ.

ಗ್ಲೂಕೋಸ್ ಅಂತೂ ಬೇಡ. ಸಕ್ಕರೆ ಉರಿದ ಮೇಲೆ ಉಳಿಯೋದು ಬರೀ ನೀರು. ಸೋಡಿಯಂ ಇಳಿದು ಪೇಷಂಟ್ ಗಲಿಬಿಲಿ ಆಗ್ತಾರೆ, ಫಿಟ್ಸ್ ಕೂಡ ಬರಬಹುದು. ಅರ್ಧ ಲೀಟರಲ್ಲಿರೋದು 25 ಗ್ರಾಂ ಸಕ್ಕರೆ, ಅರ್ಧ ಮುದ್ದೆಯಷ್ಟೂ ಶಕ್ತಿ ಇಲ್ಲ ಅಂತ ಮನೆಯವರಿಗೆ ಹೇಳಿ.

ಸರ್ಜರಿ ತಿಪಟೂರು
ಸರ್ ಹೇಳಿದ್ದು ಒಪ್ಪಿದೆ, ಆದ್ರೆ ಈ ಪೇಷಂಟ್ ನಿಜವಾಗ್ಲೂ ಒಣಗಿದ್ದಾರೆ ಅನ್ಸುತ್ತೆ. 100 ಅನ್ನೋದು ದಿನನಿತ್ಯದ ಲೆಕ್ಕ ಮಾತ್ರ: ಮೊದಲ 10 ಕೆ.ಜಿ.ಗೆ 40, ಮುಂದಿನ 10ಕ್ಕೆ 20, ಉಳಿದ 40ಕ್ಕೆ 40. ರೈಲ್ಸ್ ಟ್ಯೂಬಿನ 600 ಅದರಲ್ಲಿ ಎಲ್ಲಿದೆ? ಅದನ್ನ ಯಾರೂ ವಾಪಸ್ ಕೊಟ್ಟೇ ಇಲ್ಲ. ಮೇಲೆ ಹೊಟ್ಟೆಯ ಸೋಂಕಿಗೆ ಒಳಗೇ ಸೋರಿಹೋಗೋದು ಬೇರೆ. ಬಿಪಿ ಚೆನ್ನಾಗಿದೆ ಅಂತ ಸಮಾಧಾನ ಪಟ್ಕೋಬೇಡಿ, ಪಲ್ಸ್ ಆಗಲೇ 104.

ಕ್ರೆಪ್ಸ್ ಇಲ್ಲ ಅಂದ್ರೆ 250 ಆರ್‌ಎಲ್ 15 ನಿಮಿಷದಲ್ಲಿ ಕೊಟ್ಟು ಪಲ್ಸ್, ಬಿಪಿ ಮತ್ತೆ ನೋಡಬೇಕು. ಸುಧಾರಿಸಿದ್ರೆ ಮತ್ತೊಂದು ಸಲ, ಇಲ್ಲಾಂದ್ರೆ ಅಲ್ಲಿಗೇ ನಿಲ್ಲಿಸಿ ನಮ್ಮನ್ನ ಎಬ್ಬಿಸಿ. ರೈಲ್ಸ್ ಟ್ಯೂಬಲ್ಲಿ ಹೋಗೋದು ಕ್ಲೋರೈಡ್ ಜಾಸ್ತಿ ಇರೋ ದ್ರವ, ಅದಕ್ಕೆ ಎನ್‌ಎಸ್, (ನಾರ್ಮಲ್ ಸಲೈನ್), ಹೋದಷ್ಟೇ ಮಿ.ಲೀ. ಕೊಡಿ. ಪೊಟ್ಯಾಸಿಯಂ ಈಗಲೇ ಸೇರಿಸಬೇಡಿ. ಯೂರಿನ್ ಸರಿಯಾಗಿ, ರಕ್ತದ ರಿಪೋರ್ಟ್ ಬಂದ ಮೇಲೆ. ಆಗಲೂ 10 ಮಿ.ಲೀ. ಆಂಪ್ಯೂಲಲ್ಲಿ 20 ಮಿಲಿ ಈಕ್ವಿವಲೆಂಟ್ ಇರುತ್ತೆ, ಕೈ ನರದಲ್ಲಿ ಗಂಟೆಗೆ 10 ಮಿಲಿ ಈಕ್ವಿವಲೆಂಟ್ ಮೀರಬಾರದು. ನೇತುಹಾಕಿದ ಬಾಟಲಿಗೆ ಚುಚ್ಚಿ ಹಾಗೇ ಬಿಟ್ರೆ ಅದು ತಳಕ್ಕಿಳಿದು ಮೊದಲೇ ಒಟ್ಟಿಗೆ ಹೋಗುತ್ತೆ. ಇಳಿಸಿ, ನಾಲ್ಕೈದು ಸಲ ತಲೆಕೆಳಗು ಮಾಡಿ, ಆಮೇಲೆ ಹಾಕಿ.

ಒಣಗಿದವರಿಗೆ ಲ್ಯಾಸಿಕ್ಸ್ ಕೊಟ್ರೆ ಬ್ಯಾಗ್ ತುಂಬುತ್ತೆ, ಮೈ ಇನ್ನಷ್ಟು ಒಣಗುತ್ತೆ. ತೀರಾ ಕೈ ಬಿಗಿ ಹಿಡಿಯೋದೂ ತಪ್ಪೇ: 2018ರ ರಿಲೀಫ್ ಟ್ರಯಲ್‌ನಲ್ಲಿ, ಸುಮಾರು 3000 ದೊಡ್ಡ ಹೊಟ್ಟೆ ಆಪರೇಷನ್‌ಗಳಲ್ಲಿ, ಕಡಿಮೆ ಕೊಟ್ಟವರಲ್ಲಿ ಕಿಡ್ನಿಗೆ ಪೆಟ್ಟು 8.6%, ಧಾರಾಳವಾಗಿ ಕೊಟ್ಟವರಲ್ಲಿ 5%.

ಓಟಿ ಸಿಸ್ಟರ್ ಮಧುಗಿರಿ
ಚಾರ್ಟಲ್ಲಿ 100 ಅಂತಿದ್ರೂ ಅಷ್ಟೇ ಹೋಗಿದೆ ಅಂತ ಗ್ಯಾರಂಟಿ ಇಲ್ಲ. ಡ್ರಿಪ್ ಸೆಟ್ ಕವರ್ ನೋಡಿ: 20 ಹನಿಗೆ 1 ಮಿ.ಲೀ. ಆದ್ರೆ ನಿಮಿಷಕ್ಕೆ 33 ಹನಿ, 15ರದ್ದಾದ್ರೆ 25. ಹನಿ ಹೆಚ್ಚು ಕಡಿಮೆ ಮಾಡೋ ಚಕ್ರ ತಾನೇ ಸಡಿಲ ಆಗುತ್ತೆ, ಪೇಷಂಟ್ ಕೈ ಮಡಚಿದ್ರೆ ನಿಂತೇಹೋಗುತ್ತೆ. ಬಾಟಲಿ ಪಕ್ಕ ಪ್ಲಾಸ್ಟರ್ ಪಟ್ಟಿ ಅಂಟಿಸಿ, ಪ್ರತಿ 100ಕ್ಕೆ ಗೆರೆ ಎಳೆದು ಟೈಮ್ ಬರೀರಿ. ರೌಂಡಲ್ಲಿ ಕಣ್ಣು ಹಾಯಿಸಿದ್ರೆ ಸಾಕು.

ಓಟಿಯಿಂದ ಬರೋ ಲೆಕ್ಕಾನೂ ಕೇಳಿ ತಗೊಳ್ಳಿ. ಸಕ್ಷನ್ ಜಾರಲ್ಲಿರೋದ್ರಲ್ಲಿ ಹೊಟ್ಟೆ ತೊಳೆದ ಸಲೈನ್ ಕಳೀಬೇಕು. ಮಾಪ್ (ರಕ್ತ ಒರೆಸೋ ಬಟ್ಟೆ) ತೂಗಿ ಒಣ ತೂಕ ಕಳೆದ್ರೆ 1 ಗ್ರಾಂಗೆ 1 ಮಿ.ಲೀ. ರಕ್ತ.

ಶಿರಾ ನೈಟ್ ಡ್ಯೂಟಿ
ಥ್ಯಾಂಕ್ಸ್ ಸರ್, ಸಿಸ್ಟರ್. ಸ್ಪೈನಲ್ (ಬೆನ್ನಿಗೆ ಕೊಡೋ ಅರಿವಳಿಕೆ) ಕೊಟ್ಟ ಮೇಲೆ ಬಿಪಿ ಬಿದ್ರೂ ಇದೇ 250ರ ಲೆಕ್ಕಾನಾ?

ಅರಿವಳಿಕೆ ತುಮಕೂರು
ಅಲ್ಲಿ ರಕ್ತನಾಳ ಸಡಿಲ ಆಗಿರೋದು, ನೀರು ಹೋಗಿರೋದಲ್ಲ. ಸ್ವಲ್ಪ ಆರ್‌ಎಲ್ ಜೊತೆಗೆ ಬಿಪಿ ಏರಿಸೋ ಮೆಫೆಂಟರ್ಮಿನ್ ಅಥವಾ ಫಿನೈಲ್‌ಎಫ್ರಿನ್. ಎರಡು ಲೀಟರ್ ಸುರಿದ್ರೆ ಸ್ಪೈನಲ್ ಇಳಿದ ಮೇಲೆ ಅಷ್ಟೂ ಹೆಚ್ಚುವರಿ ಹೊರೆ, ಹೃದಯದ ತೊಂದರೆ ಇರೋ ವಯಸ್ಸಾದವರಿಗೆ ಅದೇ ಅಪಾಯ.