ಸಹಾಯ ಬೇಕು: ಅಕ್ಟೋಬರ್ 1ರ ಕಾಫಿ ದಿನಕ್ಕೆ ಹುರಿಯುವ ಡ್ರಮ್

ಎಲ್ಲರಿಗೂ ನಮಸ್ಕಾರ. ಅಮೆರಿಕದವರು ಡೋನಟ್‌ಗೂ ಒಂದು ರಾಷ್ಟ್ರೀಯ ದಿನವಿಟ್ಟುಕೊಂಡು ಜೂನ್ ತಿಂಗಳ ಮೊದಲ ಶುಕ್ರವಾರ ಆಚರಿಸುತ್ತಿರುವಾಗ, 2015ರಿಂದ ಅಕ್ಟೋಬರ್ 1ರಂದು ನಡೆಯುತ್ತಿರುವ ಅಂತರರಾಷ್ಟ್ರೀಯ ಕಾಫಿ ದಿನವನ್ನು ಕಾಫಿಯಿಂದಲೇ ಬದುಕುವ ಕೊಡಗಿನ ನಾವು ಸುಮ್ಮನೆ ಬಿಡುವುದು ಸರಿಯಲ್ಲವೆಂದು ಸೋಮವಾರಪೇಟೆ ಕಡೆಯ ನಮ್ಮೂರಿನ ಮಹಿಳಾ ಸಂಘದಲ್ಲಿ ತೀರ್ಮಾನವಾಗಿದೆ. ಮರುದಿನ ಗಾಂಧಿ ಜಯಂತಿಯ ರಜೆ ಇರುವುದರಿಂದ ಮಕ್ಕಳನ್ನು ಬೇಗ ಮಲಗಿಸುವ ಅವಸರವೂ ಇರುವುದಿಲ್ಲ.

ಹೊಸ ಫಸಲು ಆ ಹೊತ್ತಿಗೆ ಇನ್ನೂ ಗಿಡದಲ್ಲಿ ಹಸಿರುಕಾಯಿಯಾಗಿರುವುದರಿಂದ ಕಳೆದ ಸಾಲಿನ ಬೀಜವನ್ನೇ ಸಮುದಾಯ ಭವನದ ಅಂಗಳದಲ್ಲಿ ಹುರಿದು, ಅಲ್ಲೇ ಪುಡಿ ಮಾಡಿ, ತೋಟದ ಲೈನ್ ಮನೆಗಳಲ್ಲಿರುವ (ಸಾಲು ಮನೆಗಳ) ಕಾರ್ಮಿಕರೂ ಸೇರಿದಂತೆ ಎಲ್ಲರಿಗೂ ಬೆಲ್ಲದ ಕಾಫಿ ಕೊಡಬೇಕೆಂದಿದ್ದೇವೆ. ಕಣ್ಣು ಕಟ್ಟಿ, ವಾಸನೆಯಿಂದಲೇ ಅರೇಬಿಕಾ ಯಾವುದು, ರೋಬಸ್ಟಾ ಯಾವುದು ಎಂದು ಹೇಳಿಸುವ ಸ್ಪರ್ಧೆಯೂ ಇದೆ (ಸೋಲುವವರು ತೋಟದ ಮಾಲೀಕರೇ ಎಂಬುದು ನನ್ನ ಅನುಮಾನ).

ಸೌದೆ ಒಲೆಯ ಮೇಲಿಟ್ಟು ಕೈಯಿಂದ ತಿರುಗಿಸುವ ಹಳೆಯ ಹುರಿಯುವ ಡ್ರಮ್ ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ ದಯವಿಟ್ಟು ಒಂದು ದಿನದ ಮಟ್ಟಿಗೆ ಕೊಡಬೇಕು. ಬೀಜ ಚಟಪಟ ಸಿಡಿಯುವ ಸದ್ದು ಕೇಳಿಯೇ ಹದ ಹೇಳಬಲ್ಲ ಹಿರಿಯರೊಬ್ಬರು ಜೊತೆಗೆ ಬಂದರೆ ಇನ್ನೂ ಉಪಕಾರವಾಗುತ್ತದೆ. ಸಾಗಣೆಯ ಖರ್ಚು ನಮ್ಮದು.